ತೂತು ನಳಿಗೆಯ ವಕೀಲರಿಗೆ

ಅಕ್ಕಲಕೋಟ ಅರಮನೆಯ ಶಸ್ತ್ರಾಗಾರದ ಸೀಮೆ ನಮ್ಮದು; ಹನ್ನೂರಿನ ಕಟ್ಟೆಯ ಮೇಲೂ ಆಯುಧದ ಮಾತು ಬಂದರೆ ಎಲ್ಲರೂ ಪಂಡಿತರೇ. ಸದ್ಯದ ಪಾಂಡಿತ್ಯವೆಂದರೆ, ಲೈಸೆನ್ಸಿನ .32 ರಿವಾಲ್ವರಿನ ನಳಿಗೆಯ ತುದಿಯಲ್ಲಿ, ಮೇಲ್ಗಡೆ, ತೂತು ಕೊರೆಸಬೇಕು ಎಂಬುದು. ವಾದಗಳನ್ನು ಪರೀಕ್ಷಿಸೋಣ, ತೀರ್ಪು ಓದುಗರದು.

‘ತೂತಿದ್ದರೆ ಒದೆತ ಕಡಿಮೆ’ ಎನ್ನುತ್ತಾರೆ. ಅರ್ಧ ನಿಜ. ಮೇಲಕ್ಕೆ ಚಿಮ್ಮುವ ಅನಿಲ ನಳಿಗೆಯ ಮೂತಿಯನ್ನು ಕೆಳಕ್ಕೊತ್ತುತ್ತದೆ. ಎರಡನೆಯ ಗುಂಡಿಗೆ ಗುರಿ ಬೇಗ ಕೂಡುತ್ತದೆ. ಅಂಗೈಗೆ ಬೀಳುವ ಒದೆತ ಮಾತ್ರ ಅಷ್ಟೇನೂ ತಗ್ಗದು. ಇಷ್ಟು ಲಾಭಕ್ಕೂ ಅನಿಲದ ಒತ್ತಡ ಜೋರಾಗಿರಬೇಕು. 9 ಎಂಎಂ ಲೂಗರ್ ತೋಟೆಗೆ ಅಮೆರಿಕದ ಮಾನದಂಡ ಒಪ್ಪುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡು. ಕಾನ್ಪುರದಲ್ಲಿ ತಯಾರಾಗುವ ಈ ರಿವಾಲ್ವರಿಗೆ ಹಾಕುವ .32 ಲಾಂಗ್ ತೋಟೆಗೆ 15,000. ಅದರಲ್ಲೂ ಒಂದಿಷ್ಟು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಲ್ಲೇ ಸೋರುತ್ತದೆ. ಒದೆಯದ ಎಮ್ಮೆಗೆ ಕಾಲು ಕಟ್ಟುವ ಉಸಾಬರಿ ಇದು.

‘ಹೊರಹೋಗುವ ಅನಿಲ ಅತ್ಯಲ್ಪ, ಗುಂಡಿನ ವೇಗ ಕುಂದದು’ ಎಂಬುದು ಮುಂದಿನ ಮಾತು. ಅತ್ಯಲ್ಪ ಅನಿಲವೇ ಮೂತಿಯನ್ನು ಹಿಡಿದೊತ್ತುತ್ತದೆ ಎಂದೂ ಅವರೇ ಈಗಷ್ಟೇ ಹೇಳಿದ್ದರು! ಎರಡರಲ್ಲಿ ಯಾವುದನ್ನು ಬಿಡುತ್ತೀರಿ, ಸ್ವಾಮಿ?

‘ಸ್ಪರ್ಧೆಯವರು ಬಳಸುವುದಿಲ್ಲವೇ?’ ಬಳಸುತ್ತಾರೆ. ಐಪಿಎಸ್‌ಸಿ ಶೂಟಿಂಗ್ ಸ್ಪರ್ಧೆಯ ಓಪನ್ ವಿಭಾಗದಲ್ಲಿ ಅದಕ್ಕೆ ಅನುಮತಿಯಿದೆ, ಪ್ರೊಡಕ್ಷನ್ ವಿಭಾಗದಲ್ಲಿ ನಿಷೇಧವಿದೆ. ಈ ಎರಡನೆಯದನ್ನು ನಮ್ಮ ಪಂಡಿತರು ಹೇಳುವುದೇ ಇಲ್ಲ.

ಅಸಲು ತಕರಾರು ‘ಆತ್ಮರಕ್ಷಣೆಗೆ ಇದೇ ಸರಿ’ ಎಂಬುದರಲ್ಲಿದೆ. ಕಬ್ಬಿನ ಗದ್ದೆಯ ಕತ್ತಲಲ್ಲಿ, ಯಾರೋ ಮೈಮೇಲೆ ಬಿದ್ದಾಗ, ತೋಳು ಚಾಚಿ ಗುರಿಯಿಡುವ ಪುರುಸೊತ್ತು ಯಾರಿಗಿದೆ? ಆಯುಧ ಎದೆಯ ಹತ್ತಿರವೇ ಸಿಡಿಯುತ್ತದೆ. ಆಗ ತೂತುಗಳಿಂದ ಬಿಸಿ ಅನಿಲ, ಸುಡದ ಮದ್ದು, ಸೀಸದ ಚೂರು ನೇರ ಮುಖಕ್ಕೆ. ಬೆಂಕಿಯ ಹೊಳಪು ಕಣ್ಣಿನ ಮುಂದೆಯೇ. ಸದ್ದೂ ಕಿವಿಗೆ ಹೆಚ್ಚು. ಇದನ್ನು ಕೇಳಿದರೆ ‘ರೂಢಿಯಾದರೆ ಸರಿಹೋಗುತ್ತದೆ’ ಎಂಬ ಉತ್ತರ. ಕಣ್ಣಿಗೆ ಬಿದ್ದ ಸೀಸ ರೂಢಿಯಾಗುವುದು ಹೇಗೆಂದು ಅವರು ವಿವರಿಸಿಲ್ಲ. ಕರಿ ಕಟ್ಟುವ ತೂತುಗಳನ್ನು ಉಜ್ಜಿ ತೆಗೆಯುವ ಕೆಲಸ ಬೇರೆ.

ಕೊನೆಗೆ, ‘ಲೇತ್ ಅಂಗಡಿಯಲ್ಲಿ ಅರ್ಧ ತಾಸಿನ ಕೆಲಸ’. ಇರಬಹುದು. ಆದರೆ 1959ರ ಶಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆಗೆ, ಮಾರ್ಪಾಟಿಗೆ, ದುರಸ್ತಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ರಿವಾಲ್ವರ್ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಆ ಕಲಮು ಮುರಿದವರಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಶಿಕ್ಷೆ 7 ವರ್ಷ ಸೆರೆವಾಸ.