ಮಾರ್ಜ್ ಹಾಕಿದ ಷರತ್ತು

ಮಾರ್ಜ್ ಸಿಂಪ್ಸನ್‌ಗೆ ಆ ರಜೆಯಲ್ಲಿ ಹೋಗಬೇಕು ಅಂತ ಇದ್ದದ್ದು ಹೆದ್ದಾರಿ ಪಕ್ಕದ ಒಂದು ಪಕ್ಷಿಧಾಮಕ್ಕೆ. ಅಷ್ಟೇ ಆಸೆ. 'ದಿ ಸಿಂಪ್ಸನ್ಸ್' ನೋಡುವವರಿಗೆ ಮುಂದೇನಾಗುತ್ತೆ ಅಂತ ಹೇಳಬೇಕಿಲ್ಲ. ಮಕ್ಕಳಾದ ಬಾರ್ಟ್ ಮತ್ತು ಲೀಸಾ ಹಟ ಹಿಡೀತಾರೆ, ಪಕ್ಷಿಧಾಮ ಹೋಗಿ ಥೀಮ್ ಪಾರ್ಕ್ ಬರುತ್ತೆ. ಅಮ್ಮ ಒಪ್ಪುತ್ತಾಳೆ. ಅಮ್ಮಂದಿರು ಒಪ್ಪುತ್ತಾರೆ, ಅದೇನು ಹೊಸದಲ್ಲ. ಆದರೆ ಈ ಅಮ್ಮನಿಗೆ ಒಂದು ಹಳೇ ಭಯ ಇದೆ. ಹಿಂದಿನ ಪ್ರವಾಸಗಳಲ್ಲೆಲ್ಲ ಗಂಡ ಹೋಮರ್ ಮತ್ತು ಮಗ ಬಾರ್ಟ್ ಸೇರಿ ಅವಳು ತಲೆ ತಗ್ಗಿಸುವ ಹಾಗೆ ಮಾಡಿದ್ದಾರೆ. ಈ ಸಲ ಹಾಗೆ ಆಗಬಾರದು ಅನ್ನೋದು ಅವಳ ಒಂದೇ ಬೇಡಿಕೆ.

ಇದು 1994ರ ಅಕ್ಟೋಬರ್ 2ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂದ 'ಇಚಿ ಅಂಡ್ ಸ್ಕ್ರಾಚಿ ಲ್ಯಾಂಡ್' ಎಪಿಸೋಡ್. ಆರನೇ ಸೀಸನ್ನಿನದು. ಇಚಿ ಅಂದ್ರೆ ಇಲಿ, ಸ್ಕ್ರಾಚಿ ಅಂದ್ರೆ ಬೆಕ್ಕು. ಸಿಂಪ್ಸನ್ಸ್ ಮಕ್ಕಳು ಟೀವಿಯಲ್ಲಿ ನೋಡುವ ಕಾರ್ಟೂನ್ ಅದು. ಟಾಮ್ ಅಂಡ್ ಜೆರ್ರಿಗೆ ರಕ್ತ ಹರಿಸಿದರೆ ಹೇಗಿರುತ್ತೋ ಹಾಗೆ. ಆ ಇಲಿ-ಬೆಕ್ಕಿನ ಹೆಸರಲ್ಲೇ ಕಟ್ಟಿದ ಪಾರ್ಕಿನಲ್ಲಿ ಒಂದು ಭಾಗದ ಹೆಸರು ಚಿತ್ರಹಿಂಸೆ ಲ್ಯಾಂಡ್, ಇನ್ನೊಂದು ಸ್ಫೋಟ ಲ್ಯಾಂಡ್, ಮತ್ತೊಂದು ಬೇಡದ ಆಪರೇಷನ್ ಲ್ಯಾಂಡ್. ದೊಡ್ಡವರಿಗೆ ಅಂತಲೇ ಒಂದು ದ್ವೀಪ ಇದೆ. ಅಲ್ಲಿ ನೂರಕ್ಕೂ ಹೆಚ್ಚು ಬಾರ್‌ಗಳು, ಜೊತೆಗೆ ಕುಡಿತ ಬಿಡಿಸುವ ಕೇಂದ್ರವೂ ಉಂಟು. ಒಂದೇ ಸೂರಿನಡಿ ಎಲ್ಲ ಸೌಲಭ್ಯ.

ಪಾರ್ಕ್ ಬಾಗಿಲಲ್ಲೇ ಹೋಮರ್ ಒಂದು ಪೆಟ್ಟು ತಿನ್ನುತ್ತಾನೆ. ಒಳಗೆ ಖರ್ಚು ಮಾಡೋಕೆ ಅಂತ 'ಇಚಿ ಅಂಡ್ ಸ್ಕ್ರಾಚಿ ದುಡ್ಡು' ಸಿಗುತ್ತೆ. ಮಾಮೂಲಿ ದುಡ್ಡಿನ ಥರಾನೇ, ಆದರೆ ಮಜಾ ಜಾಸ್ತಿ ಅಂತಾನೆ ಮಾರುವವನು. ಹೋಮರ್ 1,100 ಡಾಲರ್ ಕೊಟ್ಟು ಕೊಳ್ತಾನೆ. ಒಳಗೆ ಹೋದರೆ ಅಂಗಡಿ ಅಂಗಡಿಗೂ ಬೋರ್ಡು: ಇಚಿ ಅಂಡ್ ಸ್ಕ್ರಾಚಿ ದುಡ್ಡು ತಗೊಳ್ಳಲ್ಲ. ಇದು ಡಿಸ್ನಿಗೆ ಕೊಟ್ಟ ಏಟು. ಡಿಸ್ನಿ ಪಾರ್ಕ್‌ಗಳಲ್ಲಿ 1987ರಿಂದ 'ಡಿಸ್ನಿ ಡಾಲರ್' ಅನ್ನೋ ನೋಟು ಸಿಗುತ್ತಿತ್ತು, 2016ರಲ್ಲಿ ನಿಲ್ಲಿಸಿದರು. ಅದು ಪಾರ್ಕಿನೊಳಗೆ ನಡೆಯುತ್ತಿತ್ತು ಅನ್ನೋದು ಬೇರೆ ಮಾತು. ಮಾಲ್‌ನ ಫುಡ್ ಕೋರ್ಟ್ ಕಾರ್ಡಿಗೆ 500 ರೂಪಾಯಿ ಹಾಕಿಸಿ, 320ಕ್ಕೆ ತಿಂದು, ಉಳಿದದ್ದನ್ನು ಪರ್ಸಲ್ಲಿ ಇಟ್ಟುಕೊಂಡು ಓಡಾಡುವ ನಮಗೆ ಹೋಮರ್ ಮೇಲೆ ನಗೋ ಹಕ್ಕು ಅಷ್ಟೇನಿಲ್ಲ.

ಇನ್ನೊಂದು ಸಣ್ಣ ದೃಶ್ಯ ನನಗೆ ಬಹಳ ಇಷ್ಟ. ಅಂಗಡಿಯಲ್ಲಿ ಹೆಸರು ಬರೆದ ಪುಟ್ಟ ನಂಬರ್ ಪ್ಲೇಟ್‌ಗಳ ಸಾಲಿದೆ. 'ಬಾರ್ಟ್' ಅಂತ ಇಲ್ಲ, ಇರೋದು 'ಬೋರ್ಟ್'. ಇಂಥ ಹೆಸರೂ ಇರುತ್ತಾ ಅಂತ ಹುಡುಗ ಬೈಕೊಳ್ಳುವಾಗಲೇ ಪಕ್ಕದಲ್ಲಿ ಯಾರೋ ತಾಯಿ 'ಬೋರ್ಟ್' ಅಂತ ಮಗನನ್ನು ಕರೀತಾಳೆ. ಫಾರಿನ್ ಏರ್‌ಪೋರ್ಟಿನ ಕೀಚೈನ್ ಸ್ಟ್ಯಾಂಡ್ ತಿರುಗಿಸಿ ತಿರುಗಿಸಿ ತಮ್ಮ ಹೆಸರು ಹುಡುಕಿದ ಎಲ್ಲ ಮಂಜುನಾಥ, ಸೌಭಾಗ್ಯರಿಗೂ ಬಾರ್ಟ್‌ನ ಸಂಕಟ ಅರ್ಥವಾಗುತ್ತೆ.

ಸರಿ, ಮಾರ್ಜ್ ವಿಷಯಕ್ಕೆ ಬರೋಣ. ಬಾರ್ಟ್ ಪಾರ್ಕಿನ ವೇಷಧಾರಿ ಇಚಿಗೆ ಕೀಟಲೆ ಮಾಡಿ ಸಿಕ್ಕಿಬೀಳ್ತಾನೆ. ಹೋಮರ್ ಅದೇ ವೇಷಧಾರಿಗೆ ಹಿಂದಿನಿಂದ ಒದ್ದು ಸಿಕ್ಕಿಬೀಳ್ತಾನೆ. ಇಬ್ಬರನ್ನೂ ನೆಲಮಾಳಿಗೆಯಲ್ಲಿ ಕೂಡಿಹಾಕ್ತಾರೆ. ಇವಳನ್ನು ಅಲ್ಲಿಗೆ ಕರೆಸುತ್ತಾರೆ. ನಾಚಿಕೆಯಿಂದ ಅವಳು, ಯಾವುದಾದರೂ ಗುಂಡಿ ಸಿಕ್ಕರೆ ಇಳಿದು ಸತ್ತೇಹೋಗ್ತೀನಿ ಅಂತಾಳೆ. ಗಾರ್ಡ್ ಅದನ್ನು ನಿಜ ಅಂದುಕೊಂಡು ಅವಳನ್ನು ಗುಂಡಿಗೆ ಹಾಕೋಕೇ ಹೊರಡ್ತಾನೆ! ಜೋಕು ಚೆನ್ನಾಗಿದೆ, ನಾನೂ ನಕ್ಕಿದ್ದೇನೆ. ಆದರೆ ಎರಡನೇ ಸಲ ನೋಡಿದಾಗ ಅನಿಸಿದ್ದು, ಈ ಪ್ರವಾಸ ಕೆಟ್ಟಿದ್ದು ಇಲ್ಲೇ ಅಂತ. ಮುಂದೆ ಪಾರ್ಕಿನ ರೋಬೋಗಳು ತಿರುಗಿಬಿದ್ದು ಕೊಡಲಿ ಹಿಡಿದು ಬರೋದೆಲ್ಲ ಆಮೇಲಿನ ಮಾತು. ಅವಳು ಕೇಳಿದ್ದ ಒಂದೇ ಒಂದು ವಿಷಯ ಆಗಲೇ ಕೈಬಿಟ್ಟು ಹೋಗಿತ್ತು.

ರೋಬೋ ಭಾಗ 1973ರ 'ವೆಸ್ಟ್‌ವರ್ಲ್ಡ್' ಮತ್ತು ಆಗಷ್ಟೇ ಜಗತ್ತೆಲ್ಲ ನೋಡಿ ಮುಗಿಸಿದ್ದ 1993ರ 'ಜುರಾಸಿಕ್ ಪಾರ್ಕ್' ಸಿನಿಮಾಗಳ ಅಣಕ. ಕ್ಯಾಮೆರಾ ಫ್ಲ್ಯಾಶ್ ಬಿದ್ದರೆ ರೋಬೋಗಳ ತಲೆ ಕೆಡುತ್ತೆ ಅಂತ ಗೊತ್ತಾಗಿ ಮನೆಮಂದಿಯೆಲ್ಲ ಫೋಟೊ ಹೊಡೆದೇ ಜೀವ ಉಳಿಸಿಕೊಳ್ತಾರೆ. ಪ್ರವಾಸದಲ್ಲಿ ಕ್ಯಾಮೆರಾ ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಎಲ್ಲ ಮುಗಿದ ಮೇಲೆ ಮಾರ್ಜ್ ಇದು ಅತ್ಯಂತ ಕೆಟ್ಟ ಪ್ರವಾಸ ಅಂತಾಳೆ. ಉಳಿದವರು ಬಿಡಲ್ಲ. ಎಲ್ಲರೂ ಒಟ್ಟಿಗೇ ಇದ್ದೆವು, ಓಡಾಡಿದೆವು, ಮಜಾ ಇತ್ತು, ಇದಕ್ಕಿಂತ ಒಳ್ಳೇದು ಯಾವುದಿತ್ತು ಅಂತ ವಾದ ಮಾಡ್ತಾರೆ. ಅವಳು ಒಪ್ಪುತ್ತಾಳೆ, ಮತ್ತೆ. ಆದರೆ ಒಂದು ಷರತ್ತು: ಇನ್ನು ಯಾವತ್ತೂ ಇದರ ಮಾತೆತ್ತಬಾರದು. ಅಲ್ಲಿಗೆ ನಗು ಬಂದು ಕಥೆ ಮುಗೀತಾ ಬರುತ್ತೆ. ನನಗೆ ಮಾತ್ರ ಆ ಷರತ್ತು ತಮಾಷೆಯಾಗಿ ಕೇಳಲ್ಲ. ಪ್ರವಾಸವನ್ನು ನೆನೆದು ನಗೋ ಸುಖ ನಾಲ್ಕು ಜನಕ್ಕೆ, ನೆನೆದಾಗ ಮುಖ ಬಿಸಿಯಾಗೋದು ಒಬ್ಬಳಿಗೆ. 'ಏ, ಅವತ್ತು ಸಖತ್ತಾಗಿತ್ತು ಕಣೇ' ಅಂತ ಎಲ್ಲರೂ ಹೇಳುವಾಗ ಸುಮ್ಮನೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುವ ಒಬ್ಬರು ಸುಮಾರು ಮನೆಗಳಲ್ಲಿ ಇದ್ದಾರೆ. ನಿಮ್ಮ ಆಫೀಸ್ ಟ್ರಿಪ್ಪಿನ ಎಕ್ಸೆಲ್ ಶೀಟ್ ಮಾಡಿದವರನ್ನೂ ಒಮ್ಮೆ ಕೇಳಿ ನೋಡಿ.

ಅಂದಹಾಗೆ, ಫಾಕ್ಸ್‌ನ ಮನರಂಜನಾ ವ್ಯವಹಾರ ಡಿಸ್ನಿ ಕೈಸೇರಿದ್ದು 2019ರ ಮಾರ್ಚ್‌ನಲ್ಲಿ. ಅಂದ್ರೆ ಡಿಸ್ನಿ ಪಾರ್ಕನ್ನು ಇಷ್ಟು ಆಡಿಕೊಂಡ ಈ ಕಥೆಗೆ ಈಗ ಡಿಸ್ನಿಯೇ ಯಜಮಾನ. ಎಪಿಸೋಡಿನ ಕೊನೆಗೆ ಯುರೋಪಿನಲ್ಲಿ ತೆರೆದ ಇಚಿ-ಸ್ಕ್ರಾಚಿ ಪಾರ್ಕ್ ಖಾಲಿ ಹೊಡೀತಿರೋದನ್ನು ತೋರಿಸ್ತಾರೆ. 1992ರಲ್ಲಿ ಪ್ಯಾರಿಸ್ ಬಳಿ ಶುರುವಾಗಿ ಮೊದಲ ವರ್ಷಗಳಲ್ಲಿ ನಷ್ಟದಲ್ಲಿ ಒದ್ದಾಡಿದ ಯುರೋ ಡಿಸ್ನಿಗೆ ಹೊಡೆದ ಏಟದು.

ಇದಕ್ಕೆ ಪೂರಾ ಉಲ್ಟಾ ಇನ್ನೊಂದು ಪ್ರವಾಸ ಇದೆ. 1997ರ ಸೆಪ್ಟೆಂಬರ್ 21ರಂದು ಬಂದ ನ್ಯೂಯಾರ್ಕ್ ಎಪಿಸೋಡ್. ಹೋಮರ್‌ನ ಕುಡುಕ ಗೆಳೆಯ ಬಾರ್ನಿ ಅವನ ಕಾರು ಓಡಿಸಿಕೊಂಡು ಹೋಗಿ ವರ್ಲ್ಡ್ ಟ್ರೇಡ್ ಸೆಂಟರ್ ಎದುರು ಬಿಟ್ಟು ಬಂದಿರ್ತಾನೆ. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದರೆ ನಮ್ಮ ಟ್ರಾಫಿಕ್‌ನವರೂ ಚಕ್ರಕ್ಕೆ ಹಾಕ್ತಾರಲ್ಲ, ಅಂಥ ಲಾಕ್ ಬಿದ್ದಿದೆ. ಬೆಳಗ್ಗೆ 9ರಿಂದ ಸಂಜೆ 5ರೊಳಗೆ ಅಧಿಕಾರಿ ಬಂದು ಬಿಚ್ಚುತ್ತಾನಂತೆ, ಕಾಯ್ತಾ ಇರಬೇಕು. ಗ್ಯಾಸ್ ಸಿಲಿಂಡರ್‌ಗೋ ಕೊರಿಯರ್‌ಗೋ ಕಾದವರಿಗೆ ಈ ಹಿಂಸೆ ಗೊತ್ತು. ಹೆಂಡತಿ-ಮಕ್ಕಳು ಲಿಬರ್ಟಿ ಪ್ರತಿಮೆ, ಚೈನಾಟೌನ್, ಬ್ರಾಡ್‌ವೇ ನಾಟಕ ಅಂತ ಖುಷಿಯಾಗಿ ಸುತ್ತುತ್ತಾರೆ. ಹೋಮರ್ ಕಾರಿನ ಪಕ್ಕ. ಕೊನೆಗೆ ತಡೆಯೋಕಾಗದೆ ಒಂದು ಗೋಪುರದ ತುದಿಗೆ ಟಾಯ್ಲೆಟ್‌ಗೆ ಓಡ್ತಾನೆ, ಅದು ಕೆಟ್ಟಿರುತ್ತೆ. ಇಳಿದು ಇನ್ನೊಂದು ಗೋಪುರ ಹತ್ತುತ್ತಾನೆ. ಅಷ್ಟರಲ್ಲಿ ಅಧಿಕಾರಿ ಬಂದು, ಇನ್ನೊಂದು ದಂಡದ ಚೀಟಿ ಇಟ್ಟು ಹೋಗಿರ್ತಾನೆ.

2001ರ ಸೆಪ್ಟೆಂಬರ್ 11ರ ನಂತರ ಈ ಎಪಿಸೋಡನ್ನು ಮರುಪ್ರಸಾರದಿಂದ ತೆಗೆದರು. ವರ್ಷಗಳ ಮೇಲೆ ಕೆಲವು ಮಾತು ಕತ್ತರಿಸಿ ಮತ್ತೆ ಹಾಕಿದರು. ಈಗ ನೋಡುವಾಗ ಎರಡು ಗೋಪುರಗಳ ಮಧ್ಯೆ ಆ ದಡಿಯ ಓಡಾಡೋದು ನಗು ಬರಿಸುತ್ತೆ, ಜೊತೆಗೆ ಏನೋ ಒಂದು ಥರಾ ಆಗುತ್ತೆ. ಬರೆದವರಿಗೆ ಬೇಕಾಗಿದ್ದದ್ದು ಎತ್ತರದ ಎರಡು ಕಟ್ಟಡ ಮಾತ್ರ.

ಮನೆಯ ಒಬ್ಬರಿಗೆ ಪ್ರವಾಸ ಹಾಳಾಗಿ ಉಳಿದವರಿಗೆ ಅದು ತಾಗದೇ ಇರೋದು ಹೇಗೆ ಅಂತ ಇಲ್ಲಿ ಕಾಣುತ್ತೆ. ರೋಬೋಗಳ ಮುಂದೆ ಐವರೂ ಒಟ್ಟಿಗೆ ಹೆದರಿದ್ದರು. ಇಲ್ಲಿ ಹೋಮರ್ ಪಟ್ಟ ಪಾಡು ಯಾರೂ ನೋಡಿಲ್ಲ. ಲಾಕ್ ಸಮೇತ ಕಾರು ಓಡಿಸಿ, ಆಮೇಲೆ ಅದನ್ನು ಕಾಂಕ್ರೀಟ್ ಒಡೆಯುವ ಯಂತ್ರದಿಂದ ಒಡೆದು, ಕಾರಿನ ಗತಿ ಕೆಡಿಸಿಕೊಂಡು ಅವನು ಮನೆಮಂದಿಯನ್ನು ಕೂಡಿಕೊಳ್ತಾನೆ. ವಾಪಸ್ ಬರುವಾಗ ಅವರೆಲ್ಲ ಊರನ್ನು ಹೊಗಳಿದ್ದೇ ಹೊಗಳಿದ್ದು. ಇನ್ನೊಂದು ಸಲ ಬರೋಣ್ವಾ ಅಂತ ಮಗಳು ಕೇಳ್ತಾಳೆ. ಎದುರಿನಿಂದ ಹಾರಿ ಬರುವ ಕಸ ಮುಖಕ್ಕೆ ಬಡೀತಿದ್ದರೂ, ಕಣ್ಣಲ್ಲಿ ನೀರಿಟ್ಟುಕೊಂಡು ಹೋಮರ್ ಹೇಳೋದು, 'ನೋಡೋಣಮ್ಮ'. ಅಪ್ಪಂದಿರ 'ನೋಡೋಣ'ಕ್ಕೆ ಏನರ್ಥ ಅಂತ ನಮ್ಮ ಮನೆಗಳಲ್ಲಿ ಬೆಳೆದವರಿಗೆ ನಾನೇನು ಬಿಡಿಸಿ ಹೇಳಬೇಕಿಲ್ಲ.