ಬ್ಯಾಟರಿ ಬದಲಿಸುವ ಮುಂಚೆ ಮೀಟರ್ ಇಟ್ಟು ನೋಡಿ

ನನ್ನದು ಇಪ್ಪತ್ತು ವರ್ಷದ ಹಳೇ ಡೀಸೆಲ್ ಪಿಕಪ್. ಮಳೆ ನಂಬಿ ಈರುಳ್ಳಿ, ಶೇಂಗಾ ಬೆಳೆಯುವ ನಮ್ಮಂಥವರಿಗೆ ಹೊಸ ಗಾಡಿಯ ಮಾತೆಲ್ಲಿ? ಹೋದ ಸುಗ್ಗಿಯಲ್ಲಿ ಈರುಳ್ಳಿ ಹೇರಿಕೊಂಡು ರಾತ್ರಿ ಬೆಂಗಳೂರಿಗೆ ಹೊರಟಿದ್ದೆ. ಹಿರಿಯೂರು ದಾಟುವಷ್ಟರಲ್ಲಿ ಹೆಡ್‌ಲೈಟು ಮಂಕಾಯಿತು. ನಿಲ್ಲಿಸಿದೆ, ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಬೆಳಗಿನ ಮಾರ್ಕೆಟ್ಟು ತಪ್ಪಿತು. ಇದೇ ತೊಂದರೆಗೆ ಅಂತ ಆರು ಸಾವಿರ ಕೊಟ್ಟು ಹೊಸ ಬ್ಯಾಟರಿ ಹಾಕಿಸಿ ಹದಿನೈದೇ ದಿನ ಆಗಿತ್ತು.

ಮರುದಿನ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರೀಷಿಯನ್ ಸಾಬರು ನೋಡಿದರು. "ಗೌಡ್ರೇ, ತೊಟ್ಟಿಗೆ ನೀರು ಬರ್ತಿಲ್ಲ ಅಂತ ತೊಟ್ಟಿನೇ ಬದಲಾಯಿಸಿದಂಗಾಯ್ತಲ್ಲ!" ಅಂದರು. ಮಾತು ನಿಜ. ಬ್ಯಾಟರಿ ಬರೀ ತೊಟ್ಟಿ. ಅದನ್ನು ತುಂಬುವುದು ಆಲ್ಟರ್ನೇಟರ್.

ಅವರು ಮೀಟರ್ ಇಟ್ಟು ತೋರಿಸಿದ್ದನ್ನು ಹೇಳುತ್ತೇನೆ. ಇಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.4ರ ತನಕ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದ್ದು ಹಾಳಾಗುತ್ತದೆ.

ನನ್ನ ಗಾಡಿಯಲ್ಲಿ ಲೈಟು ಹಾಕಿ ನೋಡಿದರೆ ಆಲ್ಟರ್ನೇಟರ್ ಹತ್ತಿರ 14.2, ಬ್ಯಾಟರಿ ಹತ್ತಿರ 12.3. ನಡುವೆ ಎರಡು ವೋಲ್ಟ್ ಎಲ್ಲಿ ಹೋಯಿತು? ದಪ್ಪ ವೈರಿನ ತುದಿಯ ಲಗ್ಗು ಹಸಿರು ಕಿಲುಬು ಹಿಡಿದಿತ್ತು. ಕಾಲುವೆ ಒಡೆದರೆ ಪಂಪು ಏನು ಮಾಡೀತು? ಹೊಸ ಲಗ್ಗಿಗೆ, ಕೂಲಿಗೆ ಸೇರಿ 150 ರೂಪಾಯಿ, ಅಷ್ಟೇ.

ಹಗಲು ಇದು ಗೊತ್ತಾಗುವುದಿಲ್ಲ. ಹಳೇ ಡೀಸೆಲ್ ಇಂಜಿನ್ ಒಮ್ಮೆ ಹತ್ತಿಕೊಂಡರೆ ಕರೆಂಟಿನ ಹಂಗಿಲ್ಲದೆ ಓಡುತ್ತದೆ. ರಾತ್ರಿ ಲೈಟು ಹಾಕಿದಾಗಲೇ ಬಂಡವಾಳ ಬಯಲು.

ಆದ್ದರಿಂದ ರೈತಬಾಂಧವರೇ, ಮೊದಲು ಬೆಲ್ಟು ಸಡಿಲವಾಗಿದೆಯಾ ನೋಡಿ. ಬ್ಯಾಟರಿ ತುದಿಗಳನ್ನು, ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯನ್ನು ಉಜ್ಜಿ ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು. ಕೀ ತಿರುಗಿಸಿದಾಗ ಚಾರ್ಜಿಂಗ್ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಆ ಬಲ್ಬನ್ನೂ ನೋಡಿ. ಬಹಳ ಹಳೇ ಗಾಡಿಗಳಲ್ಲಿ ಅದು ಸುಟ್ಟಿದ್ದರೆ ಆಲ್ಟರ್ನೇಟರ್ ಚಾರ್ಜ್ ಶುರು ಮಾಡದೇ ಇರಬಹುದು.

ಇಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷೆ ಮಾಡುವವರಿದ್ದಾರೆ. ಅದಕ್ಕೆ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರ್ ಸುಡುತ್ತವೆ.

ಮೆಕ್ಯಾನಿಕ್ಕರ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಮೀಟರ್ ಇಡದೆ ಬ್ಯಾಟರಿ ಬದಲಿಸು ಅನ್ನುವವರಿಗೆ "ಎಷ್ಟು ವೋಲ್ಟ್ ಬರ್ತಿದೆ, ತೋರಿಸಪ್ಪ" ಎಂದು ಕೇಳುವುದು ನಮ್ಮ ಹಕ್ಕು. ಬೀಜ ಮೊಳಕೆ ಬರುತ್ತಾ ಅಂತ ನೋಡದೆ ಬಿತ್ತುತ್ತೇವಾ? ಏಳನೇ ಕ್ಲಾಸು ಓದಿದ ನಾನೇ ಈಗ ಮೀಟರ್ ಹಿಡಿಯುತ್ತೇನೆ. ಊರಿಗೊಂದು ಇದ್ದರೂ ಸಾಕು, ಎಷ್ಟೋ ಸಾವಿರ ಉಳಿದೀತು.