ಮನೆಗೆ ನೋಟೀಸು ಬಂದಾಗ ಮೊದಲು ಎಲ್ಲಿಗೆ ಹೋಗಬೇಕು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಈ ಕಾಲಕ್ಕೆ ಮೂರನೆಯ ಮಾತೊಂದನ್ನು ಸೇರಿಸಬೇಕಾಗಿದೆ: ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು. 2025ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಸಾಲದ ಬಾಕಿಗಾಗಿ ಹಸುಗೂಸಿದ್ದ ಕುಟುಂಬವೊಂದನ್ನು ಮನೆಯಿಂದ ಹೊರಹಾಕಿದ ಸುದ್ದಿಯನ್ನು ನೀವೆಲ್ಲ ಓದಿರಬಹುದು. ಆ ಬಳಿಕ ಸರ್ಕಾರವು ಕಿರುಸಾಲ ವಸೂಲಿಯ ಬಲಾತ್ಕಾರವನ್ನು ತಡೆಯಲು ಅದೇ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ಅನಂತರ ಕಾಯ್ದೆಯನ್ನೂ ತಂದಿತು. ಒಳ್ಳೆಯದೇ ಆಯಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳಿಂದ ಮನೆಯನ್ನು ಅಡವಿಟ್ಟು ತಂದ ಸಾಲಕ್ಕೆ ಆ ಕಾಯ್ದೆಯ ರಕ್ಷಣೆ ಇಲ್ಲ. ಅಂಥವರಿಗೆ ಇರುವ ನೆರವು ಬೇರೆ. ಅದು ಹಳೆಯದು, ಉಚಿತವಾದುದು, ಮತ್ತು ನಮ್ಮ ತಾಲ್ಲೂಕಿನ ಊರಿನಲ್ಲಿಯೇ ಇರುವಂಥದು. ದುರ್ದೈವವೆಂದರೆ, ಅದನ್ನು ಅರಸಿ ಹೋಗುವವರು ವಿರಳ.

ವಿರಳವೇಕೆಂದರೆ, ನಮ್ಮ ಜನಕ್ಕೆ ಸಾಲಕ್ಕಿಂತ ಸಾಲದ ಸುದ್ದಿಯೇ ದೊಡ್ಡ ಹೆದರಿಕೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಹೆಸರು, ಊರು ಬೇಡ) ಬ್ಯಾಂಕಿನಿಂದ ಬಂದ ಇಂಗ್ಲಿಷ್ ನೋಟೀಸನ್ನು ದೇವರ ಜಗುಲಿಯ ಮೇಲಿನ ಫೋಟೋದ ಹಿಂದೆ ನಲವತ್ತೇಳು ದಿನ ಮುಚ್ಚಿಟ್ಟಿದ್ದ. ಬೀಡಿ ಕಟ್ಟುವ ಅವನ ಹೆಂಡತಿಗೂ ತಿಳಿಸಿರಲಿಲ್ಲ. ಆಕೆಯೂ ಸಾಲಪತ್ರಕ್ಕೆ ಸಹಿ ಹಾಕಿದವಳೇ! ಅವನು ನನ್ನಲ್ಲಿಗೆ ಬಂದಾಗ ಕೇಳಿದ್ದು ಒಂದೇ ಮಾತು: “ಸರ್, ಇದರಾಗ ಏನ್ ಬರದಾರ?”

ಅದರಲ್ಲಿ ಬರೆದಿದ್ದುದು ಇಷ್ಟು. 2002ರ ಸರ್ಫೇಸಿ ಕಾಯ್ದೆಯ 13(2)ನೆಯ ಕಲಮಿನ ಮೇರೆಗೆ, 60 ದಿನಗಳೊಳಗೆ ಬಾಕಿಯನ್ನೆಲ್ಲ ತುಂಬದಿದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಮನೆಯನ್ನು ವಶಪಡಿಸಿಕೊಳ್ಳಲಾಗುವುದು. ಈ ಅಧಿಕಾರ ದೊಡ್ಡ ಬ್ಯಾಂಕುಗಳಿಗೆ ಮಾತ್ರ ಸೇರಿದ್ದೆಂದು ನಮ್ಮ ಭಾಗದ ಅನೇಕರ ನಂಬಿಕೆ. ಹಾಗಿಲ್ಲ. ನಿಪ್ಪಾಣಿಗೆ ಹತ್ತಿರದ ಮುರಗೂಡದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು 2020ರ ಮೇ 5ರಂದು ತೀರ್ಪಿತ್ತಿತು.

ಆದರೆ ಅದೇ ಕಾಯ್ದೆ ಸಾಲಗಾರನಿಗೂ ಕೆಲವು ಮೆಟ್ಟಿಲುಗಳನ್ನು ಇಟ್ಟಿದೆ. ಆ 60 ದಿನಗಳಲ್ಲಿ ಆತ ಲಿಖಿತ ಆಕ್ಷೇಪಣೆ ಕೊಟ್ಟರೆ, ಬ್ಯಾಂಕು ಅದನ್ನು ಒಪ್ಪದಿದ್ದಲ್ಲಿ 15 ದಿನಗಳೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. ವಶಪಡಿಸಿಕೊಂಡ ಮೇಲೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹರಾಜಿನ ನೋಟೀಸು ಪ್ರಕಟವಾಗುವ ಮುನ್ನ ಬಾಕಿಯನ್ನು ಖರ್ಚು ಸಹಿತ ತೀರಿಸಿದರೆ ಮನೆ ಮರಳಿ ನಮ್ಮದೇ. ಕೃಷಿ ಜಮೀನಿಗೆ ಈ ಕಾಯ್ದೆ ತಗಲುವುದಿಲ್ಲ. ಇನ್ನು ಮನೆಯನ್ನು ಅಡವಿಡದೆ ತಂದ ಕೈಗಡದ ವಿಚಾರ: ಹಣಕ್ಕಾಗಿ ಡಿಕ್ರಿಯಾಗಿದ್ದರೂ ರೈತ, ಕೂಲಿಕಾರ, ಮನೆಗೆಲಸದವರು ತಾವು ವಾಸಿಸುವ ಸ್ವಂತ ಮನೆಯನ್ನು ಜಪ್ತಿ ಮಾಡದಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕಾಯುತ್ತದೆ. ಇವೆಲ್ಲವೂ ದಿನಗಳ ಲೆಕ್ಕದಲ್ಲಿ ನಡೆಯುವ ಸಂಗತಿಗಳು. ಫೋಟೋದ ಹಿಂದೆ ಕಳೆದ ನಲವತ್ತೇಳು ದಿನಗಳ ಬೆಲೆ ಈಗ ನಿಮಗೆ ತಿಳಿದಿರಬಹುದು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಮೊದಲು ಹೋಗಬೇಕಾದುದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಮೇರೆಗೆ ರಚಿತವಾದ ಈ ಸಮಿತಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಚಿಕ್ಕೋಡಿ, ಅಥಣಿ, ರಾಯಬಾಗ, ನಿಪ್ಪಾಣಿಯ ನ್ಯಾಯಾಲಯಗಳ ಆವರಣದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಹೋಗಲಾಗದವರು 15100 ಸಂಖ್ಯೆಗೆ ಫೋನು ಮಾಡಬಹುದು. ಅರ್ಹರಿಗೆ ಸಮಿತಿಯೇ ವಕೀಲರನ್ನು ಕೊಡುತ್ತದೆ, ಫೀ ಇಲ್ಲ.

ಅರ್ಹರು ಯಾರು? ಎಲ್ಲ ಮಹಿಳೆಯರು, ಅವರ ಆದಾಯ ಎಷ್ಟೆಂದು ಕೇಳುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು. ಇಷ್ಟೇ ಅಲ್ಲ, ನೆರೆ, ಬರಗಳಿಂದ ಸಂತ್ರಸ್ತರಾದವರೂ ಸೇರಿದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗೆಯರು ಉಕ್ಕಿ ನಮ್ಮ ಐದೂ ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತುದನ್ನು ಮರೆತವರುಂಟೆ? ಬೆಳೆ, ಗೋಡೆ ಎರಡೂ ಹೋದ ಮನೆಯವನು ನೆರವಿಗೆ ಕೈಯೊಡ್ಡಿದರೆ ಅದು ಭಿಕ್ಷೆಯಲ್ಲ, ಕಾಯ್ದೆಯು ಹೆಸರಿಸಿ ಕೊಟ್ಟ ಹಕ್ಕು.

ನನ್ನ ವಿದ್ಯಾರ್ಥಿಯ ಮನೆಯಲ್ಲಿ ಅರ್ಜಿ ಕೊಟ್ಟವಳು ಹೆಂಡತಿಯೇ. ಸಮಿತಿ ಕೊಟ್ಟ ತರುಣ ವಕೀಲರು ಉಳಿದ ಹದಿಮೂರು ದಿನಗಳೊಳಗೆ ಆಕ್ಷೇಪಣೆ ಬರೆದುಕೊಟ್ಟರು, ಬಡ್ಡಿಯ ಲೆಕ್ಕ ಕೇಳಿದರು, ಲೋಕ ಅದಾಲತ್ತಿನಲ್ಲಿ ಮಾತುಕತೆಗೆ ಕೂರಿಸಿದರು. ಕಂತುಗಳು ನಿಗದಿಯಾದವು. ಸಾಲ ಮನ್ನಾ ಆಗಲಿಲ್ಲ, ಆಗಬೇಕೆಂದು ನಾನು ಹೇಳುವುದೂ ಇಲ್ಲ. ಪಡೆದ ಸಾಲವನ್ನು ತೀರಿಸಬೇಕು. ತೀರಿಸಲು ಅವಕಾಶ ಸಿಕ್ಕಿತು, ಅಷ್ಟೇ. ಒಂದು ಎಚ್ಚರಿಕೆ: ಲೋಕ ಅದಾಲತ್ತಿಗೆ ನ್ಯಾಯಾಲಯದ ಶುಲ್ಕವಿಲ್ಲ, ಆದರೆ ಅಲ್ಲಿಯ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿಯೂ ಇಲ್ಲ. ಕಟ್ಟಲಾಗದ ಕಂತಿಗೆ ಮುಜುಗರದಿಂದ ಸಹಿ ಹಾಕಬಾರದು.

ಬ್ಯಾಂಕಿನ ನಡವಳಿಕೆಯಲ್ಲಿಯೇ ತಪ್ಪಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ಗೆ ಬರೆಯಬಹುದು, ಅದೂ ಉಚಿತ. ಪತ್ತಿನ ಸಹಕಾರಿ ಸಂಘದ ಸಾಲವಾದರೆ ಸಹಕಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ‘ಇಪ್ಪತ್ತು ಸಾವಿರ ಕೊಡಿ, ಮ್ಯಾನೇಜರರನ್ನು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಮಧ್ಯಸ್ಥರ ಕಡೆಗೆ ಮಾತ್ರ ಹೋಗಬೇಡಿ. ಮುಳುಗುವವನ ಕೊರಳಿಗೆ ಕಲ್ಲು ಕಟ್ಟುವ ಕಸುಬು ಅದು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಮನೆ ಕಸಿಯುವ ಕಾಗದವು ಮನೆಯವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದು ಕನ್ನಡದಲ್ಲಿರಲಿ, ಗಡಿಯ ಹಳ್ಳಿಗಳಲ್ಲಿ ಬೇಕಾದವರಿಗೆ ಮರಾಠಿಯಲ್ಲಿಯೂ ಇರಲಿ. ಅದರ ಕೆಳಗೆ ತಾಲ್ಲೂಕು ಸಮಿತಿಯ ವಿಳಾಸವೂ 15100 ಎಂಬ ಸಂಖ್ಯೆಯೂ ಅಚ್ಚಾಗಿರಬೇಕು. ಮನೆಬಾಗಿಲಿಗೆ ನೋಟೀಸು ತಲುಪಿಸಲು ಬಲ್ಲ ವ್ಯವಸ್ಥೆಗೆ ನೆರವಿನ ವಿಳಾಸವನ್ನೂ ಅದರೊಡನೆ ತಲುಪಿಸುವುದು ಕಷ್ಟವಲ್ಲ. ಸರ್ವಜ್ಞನ ಸಾಲದ ತ್ರಿಪದಿಯನ್ನು ನಾವು ಶಾಲೆಯಲ್ಲಿ ತಲೆಮಾರುಗಳಿಂದ ಬಾಯಿಪಾಠ ಮಾಡಿಸುತ್ತ ಬಂದಿದ್ದೇವೆ. ಸಾಲಿಗರು ಬಂದಾಗ ಕಾನೂನು ಏನು ಹೇಳುತ್ತದೆಂಬ ಒಂದು ಪುಟವೂ ಪಠ್ಯದಲ್ಲಿ ಅದರ ಪಕ್ಕಕ್ಕೆ ಬರಲಿ.

ಅಲ್ಲಿಯವರೆಗೆ, ಪ್ರಿಯ ಶಿಷ್ಯರೇ, ಬಂಧುಗಳೇ, ಆ ಕೆಲಸ ನಿಮ್ಮದು. ನಿಮ್ಮಲ್ಲಿ ವಕೀಲರಿದ್ದೀರಿ, ಬ್ಯಾಂಕಿನವರಿದ್ದೀರಿ, ಶಿಕ್ಷಕರಿದ್ದೀರಿ. ನೆರೆಮನೆಯವರು ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದರೆ, ಅಂಚೆಯವನನ್ನು ಕಂಡು ಒಳಗೆ ಸರಿದರೆ, ಹೋಗಿ ಕೂತು ವಿಚಾರಿಸಿ. ಕಾಗದ ತೋರಿಸಿದರೆ ಮೊದಲು ಅದರ ಮೇಲಿನ ತಾರೀಖನ್ನು ಓದಿ, ಅದು ತಲುಪಿದ ದಿನವನ್ನು ಕೇಳಿ, ಉಳಿದ ದಿನಗಳನ್ನು ಎಣಿಸಿ. ಮರುದಿನ ಬೆಳಿಗ್ಗೆಯೇ ಅವರನ್ನು ಕೋರ್ಟಿನ ಆವರಣಕ್ಕೆ ಕರೆದುಕೊಂಡು ಹೋಗಿ.